ಜೊಂಡು, ನೀರು ಮತ್ತು ಒಂದು ವಕ್ರರೇಖೆ

ನೀರಂಚಿನ ಜೊಂಡನ್ನೂ ನೀರಿನಲ್ಲಿ ಕಾಣುವ ಅದರ ಪ್ರತಿಬಿಂಬವನ್ನೂ ಒಂದೇ ಛಾಯಾಚಿತ್ರದಲ್ಲಿ ಹಿಡಿಯಲು ನೀವು ಎಂದಾದರೂ ಪ್ರಯತ್ನಿಸಿರಬಹುದು. ಕಣ್ಣಿಗೆ ಸೊಗಸಾಗಿ ಕಂಡ ದೃಶ್ಯ ಚಿತ್ರದಲ್ಲಿ ಮಂಕಾಗಿ, ಕೆಳಭಾಗವೆಲ್ಲ ಕಪ್ಪಾಗಿ ಬಂದಿರಲೂಬಹುದು. ದೃಶ್ಯದ ಬೆಳಕು ನೆರಳುಗಳನ್ನು ಛಾಯಾಗ್ರಾಹಕ ತನ್ನ ಇಚ್ಛೆಯಂತೆ ಎಷ್ಟರಮಟ್ಟಿಗೆ ತಿದ್ದಬಲ್ಲ? ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ವಾದದ ಒಂದು ತುದಿಯಲ್ಲಿ ಜೌಗುನೆಲದ ಚಿತ್ರಕಾರ, ಇನ್ನೊಂದು ತುದಿಯಲ್ಲಿ ಕಾರ್ಖಾನೆಯೊಂದರ ಇಬ್ಬರು ತಂತ್ರಜ್ಞರು.

ಚಿತ್ರಕಾರನ ಹೆಸರು ಪೀಟರ್ ಹೆನ್ರಿ ಎಮರ್ಸನ್. 1856ರಲ್ಲಿ ಕ್ಯೂಬಾದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿದವನು. ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್ ಎಂಬ ಕೆರೆ-ಜೌಗುಗಳ ಸೀಮೆ ಅವನನ್ನು ಸೆಳೆಯಿತು. (ಈ ಕೆರೆಗಳು ಪ್ರಕೃತಿ ತೋಡಿದವಲ್ಲ. ಮಧ್ಯಯುಗದಲ್ಲಿ ಉರುವಲಿಗೆಂದು ಪೀಟ್ ಮಣ್ಣನ್ನು ಅಗೆದ ಗುಂಡಿಗಳಲ್ಲಿ ನೀರು ನಿಂತು ಆದಂಥವು. ಇದನ್ನು 1950ರ ದಶಕದಲ್ಲಿ ತೋರಿಸಿಕೊಟ್ಟವಳು ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್.) ಚಿತ್ರಕಲಾವಿದ ಗುಡಾಲ್‌ನೊಡನೆ ಸೇರಿ ಎಮರ್ಸನ್ ಈ ಸೀಮೆಯ ಬದುಕನ್ನು ಕುರಿತು 40 ಪ್ಲಾಟಿನಮ್ ಮುದ್ರಣಗಳ ಪುಸ್ತಕವನ್ನು 1886ರಲ್ಲಿ ಸಿದ್ಧಪಡಿಸಿದ. ಅದರಲ್ಲಿ ಹೆಚ್ಚು ಹೆಸರಾದದ್ದು ನೈದಿಲೆ ಕೀಳುವ ಚಿತ್ರ: ಹುಟ್ಟು ಹಿಡಿದು ಕುಳಿತ ಗಂಡಸು, ದೋಣಿಯಿಂದ ಬಾಗಿದ ಹೆಂಗಸು, ಹಿಂದೆ ಜೊಂಡು.

ಆ ಕಾಲದ ಪ್ರಸಿದ್ಧ ಛಾಯಾಗ್ರಾಹಕ ಹೆನ್ರಿ ಪೀಚ್ ರಾಬಿನ್ಸನ್ ಹಲವು ನೆಗೆಟಿವ್‌ಗಳನ್ನು ಜೋಡಿಸಿ ಒಂದು ಚಿತ್ರ ಕಟ್ಟುತ್ತಿದ್ದ. ಎಮರ್ಸನ್‌ಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ನೀರಿನ ದೃಶ್ಯದ ಮಟ್ಟಿಗಾದರೂ ಭೌತಶಾಸ್ತ್ರ ಎಮರ್ಸನ್‌ನ ಪಕ್ಷದಲ್ಲಿದೆ ಎಂದು ನನ್ನ ಅಭಿಪ್ರಾಯ. ಏಕೆಂದರೆ ಪ್ರತಿಬಿಂಬವು ಮೇಲಿನ ದೃಶ್ಯದ ತಲೆಕೆಳಗಾದ ನಕಲು ಅಲ್ಲ. ನೀರಿನಿಂದ 1.5 ಮೀಟರ್ ಎತ್ತರದಲ್ಲಿ ಕ್ಯಾಮೆರಾ ಇದೆ ಎನ್ನಿ. 10 ಮೀಟರ್ ದೂರದಲ್ಲಿ 2 ಮೀಟರ್ ಎತ್ತರದ ಜೊಂಡು, 50 ಮೀಟರ್ ದೂರದಲ್ಲಿ 6 ಮೀಟರ್ ಎತ್ತರದ ಮರ. ನೇರ ನೋಟದಲ್ಲಿ ಮರದ ತಲೆ ಜೊಂಡಿನ ಮೇಲೆ ಕಾಣುತ್ತದೆ. ಪ್ರತಿಬಿಂಬವಾದರೋ ನೀರಿನ ಮಟ್ಟದಿಂದ 1.5 ಮೀಟರ್ ಕೆಳಗಿಟ್ಟ ಕಣ್ಣಿನ ನೋಟಕ್ಕೆ ಸಮ. ಅಲ್ಲಿಂದ ಜೊಂಡಿನ ತುದಿಯ ಏರಿಕೆ 3.5/10, ಮರದ್ದು 7.5/50 ಮಾತ್ರ. ಹಾಗಾಗಿ ನೀರಿನಲ್ಲಿ ಮರವೇ ಇಲ್ಲ! ಬೇರೆ ನೆಗೆಟಿವ್‌ನಿಂದ ಮೋಡವನ್ನೋ ಮರವನ್ನೋ ತಂದು ಅಂಟಿಸಿದವನನ್ನು ನೀರು ಹಿಡಿದುಕೊಡುತ್ತದೆ.

ಎಮರ್ಸನ್‌ನ ಇನ್ನೊಂದು ಆಧಾರ ಹೆಲ್ಮ್‌ಹೋಲ್ಟ್ಸ್‌ನ ದೃಷ್ಟಿವಿಜ್ಞಾನ. ಕಣ್ಣು ಒಮ್ಮೆಗೆ ಒಂದು ಸಣ್ಣ ಭಾಗವನ್ನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಚಿತ್ರದಲ್ಲೂ ಮುಖ್ಯ ವಸ್ತು ಸ್ಪಷ್ಟವಾಗಿದ್ದು ಉಳಿದದ್ದು ತುಸು ಮಸುಕಾಗಿರಲಿ ಎಂದು ಅವನು 1889ರ ‘ನ್ಯಾಚುರಲಿಸ್ಟಿಕ್ ಫೋಟೋಗ್ರಫಿ’ ಗ್ರಂಥದಲ್ಲಿ ವಾದಿಸಿದ. ನೀರಿನಲ್ಲಿ ಈ ನಿಯಮಕ್ಕೊಂದು ಸ್ವಾರಸ್ಯವಿದೆ. ಜೊಂಡಿನ ಮಿಥ್ಯಾಬಿಂಬ ನೀರಿನ ಮೇಲ್ಮೈಯಲ್ಲಿ ಇರುವುದಿಲ್ಲ, ಹೆಚ್ಚುಕಡಿಮೆ ಜೊಂಡಿನಷ್ಟೇ ದೂರದಲ್ಲಿರುತ್ತದೆ. ಮಸೂರವನ್ನು ಜೊಂಡಿಗೆ ಹೊಂದಿಸಿದರೆ ಪ್ರತಿಬಿಂಬವೂ ಸ್ಪಷ್ಟ. ಹತ್ತಿರದಲ್ಲಿ ತೇಲುವ ನೈದಿಲೆ ಎಲೆ ಮಾತ್ರ ಮಸುಕು. ಎರಡರಲ್ಲಿ ಯಾವುದು ಮುಖ್ಯವೆಂದು ನೀವು ತೀರ್ಮಾನಿಸಲೇಬೇಕು.

ಅದೇ ಗ್ರಂಥದಲ್ಲಿ ಎಮರ್ಸನ್ ಇನ್ನೊಂದು ಮಾತಿಗೂ ಒತ್ತುಕೊಟ್ಟಿದ್ದ: ಡೆವಲಪ್ ಮಾಡುವಾಗ ಬೆಳಕು ನೆರಳುಗಳ ಪರಸ್ಪರ ಸಂಬಂಧವನ್ನು ಕಲಾವಿದ ನಿಯಂತ್ರಿಸಬಲ್ಲ. ಛಾಯಾಗ್ರಹಣ ಕಲೆಯೆಂಬ ಅವನ ನಂಬಿಕೆಗೆ ಇದು ಊರುಗೋಲು.

ಆ ಊರುಗೋಲನ್ನು ಮುರಿದವರು ಫರ್ಡಿನಾಂಡ್ ಹರ್ಟರ್ ಮತ್ತು ವೀರೋ ಡ್ರಿಫೀಲ್ಡ್. ವಿಡ್ನೆಸ್ ಪಟ್ಟಣದ ರಾಸಾಯನಿಕ ಕಾರ್ಖಾನೆಯಲ್ಲಿ ಒಬ್ಬ ರಸಾಯನವಿಜ್ಞಾನಿ, ಇನ್ನೊಬ್ಬ ಎಂಜಿನಿಯರ್. ಫಲಕಕ್ಕೆ ಬಿದ್ದ ಬೆಳಕಿನ ಪ್ರಮಾಣದ ಲಾಗರಿದಮ್‌ಗೆ ಎದುರಾಗಿ ಬೆಳ್ಳಿಯ ಕಪ್ಪಿನ ಸಾಂದ್ರತೆಯನ್ನು ಗುರುತಿಸಿ ಅವರು 1890ರಲ್ಲಿ ಪ್ರಕಟಿಸಿದ ವಕ್ರರೇಖೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಅದರ ನಡುಭಾಗ ಸರಳರೇಖೆ. ಕೆಳತುದಿ ಬಾಗಿ ಚಪ್ಪಟೆಯಾಗುತ್ತದೆ. ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಸಾಂದ್ರತೆಗಳೆಲ್ಲ ಒಂದೇ ಅನುಪಾತದಲ್ಲಿ ಏರುತ್ತವೆ ಎಂಬುದು ಅವರ ನಿರ್ಣಯ. ಒಂದನ್ನು ಬಿಟ್ಟು ಇನ್ನೊಂದನ್ನು ಏರಿಸುವಂತಿಲ್ಲ.

ಈಗ ನಮ್ಮ ಜೊಂಡಿಗೆ ಬನ್ನಿ. ಮೇಲಿನ ಉದಾಹರಣೆಯಲ್ಲಿ ಜೊಂಡಿನ ಬುಡದಿಂದ ಬಂದ ಬೆಳಕು ಸುಮಾರು 81 ಡಿಗ್ರಿ ಪತನಕೋನದಲ್ಲಿ ನೀರಿಗೆ ತಾಗುತ್ತದೆ. ಫ್ರೆನೆಲ್ ಸೂತ್ರದಂತೆ ಪ್ರತಿಫಲಿಸುವುದು ಸುಮಾರು ಶೇಕಡಾ 40. ತುದಿಯಿಂದ ಬಂದದ್ದಕ್ಕೆ ಕೋನ 71 ಡಿಗ್ರಿ, ಪ್ರತಿಫಲನ ಶೇಕಡಾ 14. ಅದರ ಪಕ್ಕದ ಆಕಾಶದ ಬಿಂಬವೂ ಅಷ್ಟೇ ಪಾಲು ಕಳೆದುಕೊಳ್ಳುತ್ತದೆ. ಲಾಗರಿದಮ್ ಅಳತೆಯಲ್ಲಿ ಗುಣಾಕಾರವೆಂದರೆ ಬರಿಯ ಸ್ಥಾನಪಲ್ಲಟ. ಆದ್ದರಿಂದ ಎರಡೂ ಸರಳರೇಖೆಯ ಭಾಗದಲ್ಲೇ ಉಳಿದರೆ ಅವುಗಳ ನಡುವಿನ ವ್ಯತ್ಯಾಸ ಕೆಡುವುದಿಲ್ಲ. ಪ್ರತಿಬಿಂಬ ಬಾಗಿದ ಕೆಳತುದಿಗೆ ಜಾರಿತೋ, ಎಲೆ, ಕಾಂಡ, ನೆರಳು ಎಲ್ಲ ಒಂದೇ ಮುದ್ದೆ. ಅಲ್ಲಿ ಅಳಿಸಿಹೋದ ವಿವರವನ್ನು ಯಾವ ಡೆವಲಪರ್ ದ್ರಾವಣವೂ ಮರಳಿ ತರಲಾರದು. ಕ್ಯಾಮೆರಾದ ಎತ್ತರ, ದೂರ, ಬೆಳಕಿಗೆ ಒಡ್ಡುವ ಕಾಲ ಇವನ್ನು ಮೊದಲೇ ನಿರ್ಧರಿಸಬೇಕು.

1891ರ ಜನವರಿ ಹೊತ್ತಿಗೆ ಎಮರ್ಸನ್ ಕಪ್ಪು ಅಂಚಿನ ಕಿರುಹೊತ್ತಗೆಯೊಂದನ್ನು ಹೊರಡಿಸಿ, ನ್ಯಾಚುರಲಿಸ್ಟಿಕ್ ಫೋಟೋಗ್ರಫಿ ಸತ್ತಿತೆಂದು ಸಾರಿದ. ಹರ್ಟರ್ ಮತ್ತು ಡ್ರಿಫೀಲ್ಡರ ಫಲಿತಾಂಶವನ್ನು ಒಂದು ಕಾರಣವಾಗಿ ಕೊಟ್ಟಿದ್ದ. ಸಾಕ್ಷ್ಯ ಕಂಡು ತನ್ನ ಪ್ರಿಯ ಸಿದ್ಧಾಂತವನ್ನು ಬಹಿರಂಗವಾಗಿ ಕೈಬಿಡುವವರು ವಿಜ್ಞಾನಿಗಳಲ್ಲೇ ಅಪರೂಪ. ಆದರೂ ಅವನು ಅಗತ್ಯಕ್ಕಿಂತ ಹೆಚ್ಚು ಬಿಟ್ಟುಕೊಟ್ಟ ಎನ್ನಬೇಕಾಗುತ್ತದೆ. ಡೆವಲಪ್ ಮಾಡುವ ಕಾಲವನ್ನು ಬದಲಿಸಿದರೆ ಸರಳರೇಖೆಯ ಇಳಿಜಾರು, ಅಂದರೆ ಇಡೀ ಚಿತ್ರದ ಬೆಳಕು-ನೆರಳಿನ ತೀವ್ರತೆ, ಬದಲಾಗುತ್ತದೆ. ಇದು ಅದೇ ವಕ್ರರೇಖೆ ಹೇಳುವ ಮಾತು. ಇನ್ನು ಎಲ್ಲಿ ನಿಲ್ಲಬೇಕು, ಎಷ್ಟು ನೀರನ್ನು ಚೌಕಟ್ಟಿನೊಳಗೆ ಬಿಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವೇ ಇಲ್ಲ.

ಎಮರ್ಸನ್ ಜೌಗುನೆಲವನ್ನಂತೂ ಬಿಡಲಿಲ್ಲ. 1895ರಲ್ಲಿ ಬಂದ ‘ಮಾರ್ಷ್ ಲೀವ್ಸ್’ ಪುಸ್ತಕದಲ್ಲಿ 16 ಚಿತ್ರಗಳಿವೆ: ಮಂಜು, ಹಿಮ, ತೆಳು ಬೆಳಕು, ಬಹುಪಾಲು ಬರಿದಾದ ನೀರು.