ಕುಮಾರರಾಮನ ಕಥೆಯನ್ನು ಕಾಯ್ದವರು



ನಮ್ಮ ಮಲಪನಗುಡಿ ಹೊಸಪೇಟೆಯಿಂದ ಹಂಪಿಗೆ ಹೋಗುವ ಹಾದಿಯಲ್ಲಿದೆ. ಈ ದಾರಿಯಾಗಿ ಬರುವ ಪ್ರವಾಸಿಗರೆಲ್ಲರೂ ಕಲ್ಲಿನಲ್ಲಿ ಚರಿತ್ರೆಯನ್ನು ಹುಡುಕುತ್ತಾರೆ. ಅದು ಸಹಜವೇ. ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಆನೆ, ಕುದುರೆ, ಬೇಟೆಗಾರರ ಜೊತೆಗೆ ಕೋಲಾಟವಾಡುವ ಹೆಂಗಳೆಯರೂ ಇದ್ದಾರೆ. ಜನಪದರ ಕುಣಿತಕ್ಕೆ ಅರಸರು ಕಲ್ಲಿನಲ್ಲಿ ಜಾಗ ಕೊಟ್ಟರು. ಆದರೆ ಅರಸರ ಕಥೆಯನ್ನು ಜನಪದರು ಎಲ್ಲಿ ಇಟ್ಟುಕೊಂಡರು? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲೇ ಉತ್ತರವಿದೆ.

ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ ಎಂದು ನಾವೆಲ್ಲ ಓದಿದ್ದೇವೆ. ಅದಕ್ಕೆ ಒಂಬತ್ತು ವರ್ಷ ಮೊದಲು, 1327ರಲ್ಲಿ, ತುಂಗಭದ್ರೆಯ ದಡದ ಕಂಪಿಲಿ ರಾಜ್ಯ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ತುತ್ತಾಯಿತು. ಸುಲ್ತಾನನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನನಿಗೆ ಕಂಪಿಲರಾಯನು ಆಶ್ರಯ ಕೊಟ್ಟಿದ್ದನು. ಮೊರೆಹೊಕ್ಕವನನ್ನು ಒಪ್ಪಿಸದೆ ಹೋರಾಡಿ ಮಡಿದನು. ಇದನ್ನು ಬರೆದಿಟ್ಟವರಲ್ಲಿ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತನೂ ಒಬ್ಬ.

ಆ ರಾಯನ ಮಗನೇ ಕುಮಾರರಾಮ. ಮಲತಾಯಿ ರತ್ನಾಜಿ ಅವನಲ್ಲಿ ಮೋಹಗೊಂಡಳು, ಅವನು ನಿರಾಕರಿಸಿದನು, ಅವಳ ದೂರು ನಂಬಿದ ತಂದೆ ಮಗನ ತಲೆ ಕಡಿಯಲು ಆಜ್ಞಾಪಿಸಿದನು, ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಅಡಗಿಸಿದನು. ಈ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದನು. ಜನರು ಮಾತ್ರ ಅದನ್ನು ಹಾಡಿಕೊಂಡೇ ಬಂದರು. ಹಾಡಿನಿಂದ ಇಸವಿಯನ್ನು ಹೆಕ್ಕಲಾಗದು. ಆದರೆ ಸೋತ ರಾಜ್ಯವೊಂದರ ರಾಜಕುಮಾರನಲ್ಲಿ ಜನರು ಯಾವ ಗುಣವನ್ನು ಮೆಚ್ಚಿದರು ಎಂಬುದು ಹಾಡಿನಿಂದಲೇ ತಿಳಿಯುತ್ತದೆ. ಅವನನ್ನು ಅವರು ಕರೆದದ್ದು 'ಪರನಾರೀಸಹೋದರ' ಎಂದು.

ಈ ಕಾವ್ಯವನ್ನು ನಮ್ಮ ಕಾಲದವರೆಗೆ ತಲುಪಿಸಿದವರಲ್ಲಿ ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಹಿರಿಯರು. ಅವರು ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯಕ್ಕೆ ಸೇರಿದವರು. ಮನೆಮಾತು ತೆಲುಗು, ಹಾಡಿದ್ದು ಕನ್ನಡದಲ್ಲಿ. ಓದು ಬರಹ ಕಲಿತವರಲ್ಲ. ಆದರೂ ಹನ್ನೆರಡು ಮಹಾಕಾವ್ಯಗಳು ಅವರ ನೆನಪಿನಲ್ಲಿದ್ದವು. ತಂಬೂರಿ ಹಿಡಿದು ಮುಖ್ಯ ಗಾಯಕಿ ಕಥೆ ನಡೆಸುತ್ತಾಳೆ. ಇಕ್ಕೆಲದಲ್ಲಿ ನಿಂತವರು ವಾದ್ಯ ಬಾರಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುತ್ತಾರೆ. ಅದೇ ಬುರ್ರಕಥೆ. 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು. ಅವರ ಕಾವ್ಯಗಳು ಅಚ್ಚಿನಲ್ಲೂ ಬಂದವು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಭಾರತದ ಸಂಸ್ಕೃತಿಗೆ ಜನಪದ ಕಲೆಯ ಕೊಡುಗೆ ಏನೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋಚುವುದಿಲ್ಲ. ದತ್ತಿ ಬಿಟ್ಟ ಅರಸನಿಲ್ಲ, ಬರೆದುಕೊಟ್ಟ ತಾಮ್ರಶಾಸನವಿಲ್ಲ. ಊರೂರು ತಿರುಗಿ, ಹಾಡಿ, ಮೊರದಲ್ಲಿ ನೀಡಿದ ಜೋಳಕ್ಕೆ ಸೆರಗೊಡ್ಡಿದ ಜನ ಕನ್ನಡ ನಾಡಿನ ವೀರನೊಬ್ಬನ ನೆನಪನ್ನು ಏಳುನೂರು ವರ್ಷ ಉಳಿಸಿದರು.

ಆದರೆ ಅಚ್ಚಾದ ಪುಸ್ತಕ ಒಂದು ಸಲದ ಹಾಡಿಕೆಯನ್ನಷ್ಟೇ ಹಿಡಿದಿಡುತ್ತದೆ. ಕೇಳುಗರ ಮುಖ ನೋಡಿ ಕಥೆಯನ್ನು ಹಿಗ್ಗಿಸುವ, ಕುಗ್ಗಿಸುವ ಜಾಣ್ಮೆ ಗಾಯಕಿಯೊಂದಿಗೇ ಹೋಗುತ್ತದೆ. ಹಾಗೆಂದು ಆ ಸಮುದಾಯದ ಮಕ್ಕಳು ಶಾಲೆ ಬಿಟ್ಟು ತಂಬೂರಿ ಹಿಡಿಯಲಿ ಎನ್ನಲು ನಮಗೆ ಏನು ಅಧಿಕಾರ? ನಮ್ಮ ಕಲೆ ಉಳಿಯಲೆಂದು ಅವರು ಬಡವರಾಗಿಯೇ ಉಳಿಯಬೇಕೆ? ಓದಿ ನೌಕರಿ ಹಿಡಿದ ಮಗಳೂ ಹೆಮ್ಮೆಯಿಂದ ಹಾಡುವಂತಾಗಬೇಕು. ಅದಕ್ಕೆ ಭಿಕ್ಷೆಯ ಬದಲು ಸಂಭಾವನೆ, ಕನಿಕರದ ಬದಲು ಮರ್ಯಾದೆ ಸಲ್ಲಬೇಕು.

ನಿಮ್ಮಲ್ಲಿ ಹಲವರು ಇಂದು ದೂರದ ಊರುಗಳಲ್ಲಿದ್ದೀರಿ. ಮನೆಯ ಮದುವೆಗೋ ಊರಿನ ಜಾತ್ರೆಗೋ ಬಂದಾಗ ಇಂತಹ ಕಲಾವಿದರನ್ನು ಕರೆಸಿರಿ. ವಾದ್ಯಗೋಷ್ಠಿಯವರಿಗೆ ಕೊಡುವಷ್ಟೇ ಹಣವನ್ನು ಅವರಿಗೂ ಕೊಡಿರಿ. ನಿಮ್ಮ ಅಜ್ಜಿಯರು ಬೀಸುವಾಗ, ನಾಟಿ ಮಾಡುವಾಗ ಹಾಡಿದ ಪದಗಳು ಅವರಿಗೆ ಇನ್ನೂ ನೆನಪಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡುವುದನ್ನು ಮರೆಯಬೇಡಿರಿ. ಹೆಸರಿಲ್ಲದೆ ಹೋದ ಹಾಡುಗಾರರು ನಮ್ಮಲ್ಲಿ ಈಗಾಗಲೇ ಬಹಳ ಮಂದಿ ಇದ್ದಾರೆ.