ಮೆಮರಿ ಕಾರ್ಡಿನ ವೇಗ: ಪೊಟ್ಟಣದ ಮೇಲಿನ ಅಂಕಿ, ಮನೆಯ ಪರೀಕ್ಷೆ

ಮದುವೆ, ಉಪನಯನ, ಸಂಘದ ವೇದಿಕೆಯ ಯಕ್ಷಗಾನ ಮೊದಲಾದವು ಇಂದು ಹೆಬ್ಬೆರಳಿನ ಉಗುರಿನಷ್ಟಿರುವ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ ದಾಖಲಾಗುತ್ತವೆ. ಕ್ಯಾಮೆರಾ ಕಳುಹಿಸುವ ವೇಗದಲ್ಲಿ ಕಾರ್ಡು ಬರೆದುಕೊಳ್ಳಲಾರದಿದ್ದರೆ ಚಿತ್ರೀಕರಣವು ನಡುವೆಯೇ ನಿಂತುಹೋಗಬಹುದು. ಮಾಂಗಲ್ಯಧಾರಣೆಯನ್ನು ಕ್ಯಾಮೆರಾಕ್ಕಾಗಿ ಇನ್ನೊಮ್ಮೆ ನಡೆಸಲು ಬರುವುದಿಲ್ಲ. ಆದುದರಿಂದ ಕಾರ್ಡಿನ ನಿಜವಾದ ವೇಗವನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

ಅಂಕಿಗಳ ಅರ್ಥ

ಎಸ್‌ಡಿ ಕಾರ್ಡನ್ನು ಸ್ಯಾನ್‌ಡಿಸ್ಕ್, ಪ್ಯಾನಾಸಾನಿಕ್ ಮತ್ತು ತೋಷಿಬಾ ಸಂಸ್ಥೆಗಳು 1999ರಲ್ಲಿ ಪ್ರಕಟಿಸಿದವು. ಇದರ ಮಾನದಂಡಗಳನ್ನು 2000ದಲ್ಲಿ ಸ್ಥಾಪನೆಗೊಂಡ ಎಸ್‌ಡಿ ಅಸೋಸಿಯೇಷನ್ ನಿರ್ಧರಿಸುತ್ತದೆ.

ಪೊಟ್ಟಣದ ಮೇಲೆ ದಪ್ಪಕ್ಷರಗಳಲ್ಲಿರುವ ‘ಸೆಕೆಂಡಿಗೆ 100 ಎಂ.ಬಿ.ವರೆಗೆ’ ಎಂಬುದು ಸಾಮಾನ್ಯವಾಗಿ ಓದುವ ವೇಗ. ಬರೆಯುವ ವೇಗವು ಅದಕ್ಕಿಂತ ಬಹಳ ಕಡಿಮೆ ಇರಬಹುದು. ಠೇವಣಿಯ ಜಾಹೀರಾತಿನಲ್ಲಿ ‘ಇಷ್ಟರವರೆಗೆ ಬಡ್ಡಿ’ ಎಂದಿದ್ದರೆ ನಾವು ಅವಧಿಯನ್ನೂ ಷರತ್ತನ್ನೂ ವಿಚಾರಿಸುತ್ತೇವಲ್ಲವೆ? ಇಲ್ಲಿಯೂ ‘ವರೆಗೆ’ ಎಂಬ ಪದವನ್ನು ಹಾಗೆಯೇ ಓದಬೇಕು.

ಚಿತ್ರೀಕರಣಕ್ಕೆ ಮುಖ್ಯವಾದುದು ಕಾರ್ಡಿನ ಮೇಲಿನ ಸಣ್ಣ ಗುರುತು. ಅದು ನಿಗದಿತ ಪರಿಸ್ಥಿತಿಯಲ್ಲಿ ಕನಿಷ್ಠ ಬರೆಯುವ ವೇಗವನ್ನು ತಿಳಿಸುತ್ತದೆ:

- ಸಿ ಅಕ್ಷರದೊಳಗೆ 10, ಯು ಅಕ್ಷರದೊಳಗೆ 1: ಸೆಕೆಂಡಿಗೆ 10 ಎಂ.ಬಿ.
- ಯು ಅಕ್ಷರದೊಳಗೆ 3, ಅಥವಾ ವಿ30: 30 ಎಂ.ಬಿ.
- ವಿ60, ವಿ90: ಕ್ರಮವಾಗಿ 60 ಮತ್ತು 90 ಎಂ.ಬಿ.

ಉದಾಹರಣೆಗೆ, ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ವಿಡಿಯೊ ದಾಖಲಿಸುತ್ತದೆ ಎನ್ನೋಣ. ಎಂಟು ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ ಬೇಕಾಗುವುದು 12.5 ಎಂ.ಬಿ. ಇದಕ್ಕೆ 10ರ ಕಾರ್ಡು ಸಾಲದು, ವಿ30 ಧಾರಾಳವಾಗಿ ಸಾಕು.

ವೇಗ ಕುಗ್ಗುವುದೇಕೆ?

ದೋಷ ಯಾವಾಗಲೂ ಕಾರ್ಡಿನದೇ ಅಲ್ಲ. ಯುಎಸ್‌ಬಿ 2.0 ರೀಡರಿನ ಮಿತಿ ಕಾಗದದ ಮೇಲೆಯೇ 60 ಎಂ.ಬಿ.; ಬಳಕೆಯಲ್ಲಿ ಸಿಗುವುದು ಸುಮಾರು 30ರಿಂದ 40. ಯುಎಚ್‌ಎಸ್-1 ಮಾನದಂಡದ ಮಿತಿ 104 ಎಂ.ಬಿ.; ಈ ಬಗೆಯ ಕಾರ್ಡಿನ ಮೇಲೆ 150, 170 ಎಂದಿದ್ದರೆ ಆ ವೇಗ ಪಡೆಯಲು ಅದಕ್ಕೆ ಹೊಂದುವ ವಿಶೇಷ ರೀಡರ್ ಬೇಕು. ಒಂದು ದೊಡ್ಡ ಕಡತಕ್ಕಿಂತ ಸಾವಿರ ಸಣ್ಣ ಚಿತ್ರಗಳ ನಕಲು ನಿಧಾನ. ಕೆಲವು ಕಾರ್ಡುಗಳು ಆರಂಭದಲ್ಲಿ ಚುರುಕಾಗಿದ್ದು ಬಳಿಕ ಮಂದವಾಗುತ್ತವೆ.

ಪರೀಕ್ಷಿಸುವ ವಿಧಾನ

1. ಕಾರ್ಡನ್ನು ಖಾಲಿ ಮಾಡಿ, ಯುಎಸ್‌ಬಿ 3.0 ರೀಡರಿನ ಮೂಲಕ ಕಂಪ್ಯೂಟರಿಗೆ ಜೋಡಿಸಿರಿ.
2. ಸುಮಾರು 3,000 ಎಂ.ಬಿ.ಯ ಒಂದೇ ವಿಡಿಯೊ ಕಡತವನ್ನು ನಕಲಿಸಿ, ಗಡಿಯಾರ ನೋಡಿಕೊಳ್ಳಿರಿ. ನಕಲು ಮುಗಿದಂತೆ ಪರದೆ ತೋರಿಸಿದ ಮೇಲೂ ಬರವಣಿಗೆ ನಡೆಯುತ್ತಿರಬಹುದು. ಕಾರ್ಡನ್ನು ತೆಗೆಯಬಹುದೆಂಬ ಸೂಚನೆ ಬರುವವರೆಗಿನ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ.
3. ಗಾತ್ರವನ್ನು ಸೆಕೆಂಡುಗಳಿಂದ ಭಾಗಿಸಿರಿ. 150 ಸೆಕೆಂಡು ಹಿಡಿದರೆ ವೇಗ 20 ಎಂ.ಬಿ.
4. ಕಾರ್ಡನ್ನು ತೆಗೆದು ಮತ್ತೆ ಹಾಕಿ, ಕಡತವನ್ನು ಕಂಪ್ಯೂಟರಿಗೆ ನಕಲಿಸಿದರೆ ಓದುವ ವೇಗ ತಿಳಿಯುತ್ತದೆ.

ನಕಲಿ ಕಾರ್ಡಿನ ಎಚ್ಚರಿಕೆ

ವೇಗಕ್ಕಿಂತ ದೊಡ್ಡ ಅಪಾಯ ಸುಳ್ಳು ಗಾತ್ರ. ಒಳಗೆ 8 ಜಿ.ಬಿ. ಮಾತ್ರ ಇದ್ದು, 64 ಎಂದು ತೋರಿಸುವ ನಕಲಿ ಕಾರ್ಡುಗಳುಂಟು. ತುಂಬಿದ ಬಳಿಕ ಬಂದ ಚಿತ್ರಗಳು ಹೆಸರಿಗಷ್ಟೇ ಇರುತ್ತವೆ, ತೆರೆಯುವುದಿಲ್ಲ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯು’, ಲಿನಕ್ಸ್‌ ಮತ್ತು ಮ್ಯಾಕ್‌ಗಳಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ, ನಿಜವಾದ ಗಾತ್ರವನ್ನೂ ಸರಾಸರಿ ವೇಗವನ್ನೂ ತಿಳಿಸುತ್ತವೆ. 64 ಜಿ.ಬಿ. ಕಾರ್ಡನ್ನು ವಿಂಡೋಸ್ ಸುಮಾರು 59 ಎಂದು ತೋರಿಸುವುದು ಮಾತ್ರ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1,024ರ ಲೆಕ್ಕದಲ್ಲೂ ಎಣಿಸುವುದೇ ಇದಕ್ಕೆ ಕಾರಣ.

ಈ ಪೂರ್ಣ ಪರೀಕ್ಷೆಗೆ ಕೆಲವು ಗಂಟೆಗಳೇ ಹಿಡಿಯಬಹುದು. ಆದುದರಿಂದ ಸಮಾರಂಭದ ಮುನ್ನಾದಿನದವರೆಗೆ ಕಾಯದೆ, ಕೊಂಡ ವಾರದಲ್ಲಿಯೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಇದನ್ನು ಮಾಡಿ ಮುಗಿಸಿರಿ. ಅಲ್ಲಿಯವರೆಗೆ ರಸೀದಿಯನ್ನು ಜೋಪಾನವಾಗಿಡಿರಿ.