ಕಾಕ್ಸ್-5ರ ಜೋಡಿ ಜೀನುಗಳು: ವ್ಯತ್ಯಾಸ ಕಿಣ್ವದಲ್ಲೋ, ಅಪ್ಪಣೆಯಲ್ಲೋ?

ಆಮ್ಲಜನಕ ಕೊರತೆಯಾದಾಗ ಯೀಸ್ಟ್ ತನ್ನ ಉಸಿರಾಟದ ಕಿಣ್ವದ ಒಂದು ಭಾಗವನ್ನು ಬದಲಿಸಿಕೊಂಡು ಹೆಚ್ಚು ಚುರುಕಾದ ರೂಪವನ್ನು ಕಟ್ಟಿಕೊಳ್ಳುತ್ತದೆ ಎಂಬ ಅಭಿಪ್ರಾಯ ಬಹುಕಾಲ ಮಾನ್ಯವಾಗಿತ್ತು. ಅದಕ್ಕೆ ಆಧಾರವಾಗಿದ್ದ ಅಳತೆಗಳನ್ನು 2014ರ ಒಂದು ಪ್ರಯೋಗ ಬೇರೆ ರೀತಿಯಲ್ಲಿ ಓದುವಂತೆ ಮಾಡಿದೆ. ಆ ಓದು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಇದು ಹೊರಗಿನ ವಿಷಯವಲ್ಲ. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವುದೂ, ಬಾದಾಮಿ, ಹುನಗುಂದ, ಇಳಕಲ್ಲಿನ ಬೇಕರಿಗಳಲ್ಲಿ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವುದೂ ಒಂದೇ ಜೀವಿ: ಸ್ಯಾಕರೊಮೈಸಿಸ್ ಸೆರೆವಿಸಿಯೆ.

ಹಿನ್ನೆಲೆಯಲ್ಲಿ ವಿವಾದ ಕಡಿಮೆ. ಹೊಸ ಜೀನುಗಳಿಗೆ ಮೂಲ ಹಳೆಯವುಗಳ ನಕಲೇ ಎಂದು ಸುಸುಮು ಓನೊ 1970ರಲ್ಲಿ ವಾದಿಸಿದರು. ಯೀಸ್ಟಿನ ಪೂರ್ತಿ ಜೀನೋಮ್ 1996ರಲ್ಲಿ ಕೈಗೆ ಬಂತು. ಅದು ಸುಮಾರು 10 ಕೋಟಿ ವರ್ಷಗಳ ಹಿಂದೆ ಇಡಿಯಾಗಿ ಇಮ್ಮಡಿಸಿತ್ತೆಂದು ವುಲ್ಫ್ ಮತ್ತು ಶೀಲ್ಡ್ಸ್ 1997ರಲ್ಲಿ ತೋರಿಸಿದರು. ಕೆಲಿಸ್ ಮತ್ತು ಸಂಗಡಿಗರು 2004ರಲ್ಲಿ ಅದನ್ನು ಗಟ್ಟಿಗೊಳಿಸಿದರು. ನಕಲುಗಳಲ್ಲಿ ಬಹುಪಾಲು ಅಳಿದು, ಸುಮಾರು 550 ಜೋಡಿಗಳು ಉಳಿದಿವೆ. ಕಾಕ್ಸ್-5ಎ ಮತ್ತು ಕಾಕ್ಸ್-5ಬಿ ಅಂಥ ಒಂದು ಜೋಡಿ.

ಇವೆರಡೂ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವದ ಐದನೆಯ ಉಪಘಟಕವನ್ನು ತಯಾರಿಸುತ್ತವೆ. ಕಿಣ್ವದ ತಿರುಳಿನ ಮೂರು ಉಪಘಟಕಗಳು ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಿಂದ ಬರುತ್ತವೆ. ಐದನೆಯದು ಕೋಶಕೇಂದ್ರದ ಕೊಡುಗೆ. ಅದಿಲ್ಲದೆ ಕಿಣ್ವ ಕೂಡಿಕೊಳ್ಳುವುದೇ ಇಲ್ಲ. ಗಾಳಿಯಿರುವಾಗ 5ಎ ನಡೆಯುತ್ತದೆ. ಆಗ ಹೀಮ್ ಸಾಕಷ್ಟಿರುವುದರಿಂದ ರಾಕ್ಸ್-1 ಎಂಬ ಪ್ರೋಟೀನು 5ಬಿಯನ್ನು ಅದುಮಿಡುತ್ತದೆ. ಗಾಳಿಯಾಡುವ ನೀರಿನಲ್ಲಿ ಆಮ್ಲಜನಕ ಸುಮಾರು 250 ಮೈಕ್ರೊಮೋಲಾರ್ ಇರುತ್ತದೆ; ಅದು ಅರ್ಧ ಮೈಕ್ರೊಮೋಲಾರಿಗಿಂತ ಕೆಳಗೆ ಇಳಿದಾಗಲಷ್ಟೇ 5ಬಿ ತಲೆಯೆತ್ತುತ್ತದೆ. ಸೈಟೊಕ್ರೋಮ್ ಸಿಯ ಜೋಡಿ ಜೀನುಗಳಾದ ಸಿವೈಸಿ-1 ಮತ್ತು ಸಿವೈಸಿ-7 ಕೂಡ ಹೆಚ್ಚುಕಡಿಮೆ ಇದೇ ಸರದಿಯಲ್ಲಿ ನಡೆಯುತ್ತವೆ.

ಈಗ ತಕರಾರಿನ ವಿಷಯ. 5ಎ ಅಳಿಸಿದ ತಳಿಯನ್ನು ಗ್ಲಿಸರಾಲ್ ತಟ್ಟೆಯ ಮೇಲೆ ಗೀಚಿದರೆ ಅದು ಬೆಳೆಯುವುದಿಲ್ಲ. ಗ್ಲಿಸರಾಲಿನಿಂದ ಶಕ್ತಿ ಪಡೆಯಲು ಉಸಿರಾಟ ಬೇಕೇ ಬೇಕು, ಹುದುಗುವಿಕೆಯಿಂದ ಆಗದು. ಅದೇ ತಳಿಯಲ್ಲಿ ರಾಕ್ಸ್-1ನ್ನೂ ಕೆಡಿಸಿದರೆ ತಟ್ಟೆಯ ಮೇಲೆ ವಸಾಹತುಗಳು ಮೂಡುತ್ತವೆ, ಏಕೆಂದರೆ 5ಬಿ ಬಿಡುಗಡೆಯಾಗಿರುತ್ತದೆ. ಹೀಗೆ ಪಡೆದ 5ಬಿ ಕಿಣ್ವದ ಪ್ರಮಾಣ ಸಹಜ ತಳಿಯ ಶೇ. 30ರಿಂದ 50ರಷ್ಟಿತ್ತು, ವೇಗ ಮಾತ್ರ ಮೂರು ಪಟ್ಟಿನವರೆಗೆ ಹೆಚ್ಚಿತ್ತು. ಪ್ರೋಟೀನು ಬದಲಾಯಿತು, ವೇಗ ಹೆಚ್ಚಿತು, ಆದ್ದರಿಂದ ಪ್ರೋಟೀನೇ ಕಾರಣ ಎಂದು ತೀರ್ಮಾನಿಸಲಾಯಿತು.

ಈ ತರ್ಕದಲ್ಲಿ ಒಂದು ಬಿರುಕಿದೆ. ರಾಕ್ಸ್-1 ಒಂದೇ ಜೀನಿನ ಕಾವಲುಗಾರನಲ್ಲ. ಹೀಮ್ ತಯಾರಿಕೆಯ ಹೆಮ್-13, ಎರ್ಗೊಸ್ಟೆರಾಲ್ ತಯಾರಿಕೆಯ ಎರ್ಗ್-11 ಮೊದಲಾದವೂ ಅದರ ಹತೋಟಿಯಲ್ಲಿವೆ. ಅದನ್ನು ಕೆಡಿಸಿದ ತಳಿ 5ಬಿ ಉಳ್ಳ ತಳಿಯಷ್ಟೇ ಅಲ್ಲ, ಗಾಳಿಯಲ್ಲಿದ್ದೂ ಗಾಳಿಯಿಲ್ಲವೆಂದು ನಂಬಿರುವ ತಳಿ. 2014ರಲ್ಲಿ ದೋಡಿಯಾ, ಮ್ಯೂನಿಯೆ, ಕೇ ಮತ್ತು ರಿಚ್ ಈ ಗೋಜಲನ್ನು ಬಿಡಿಸಿದ ಬಗೆ ಸರಳ. ರಾಕ್ಸ್-1ನ್ನು ಮುಟ್ಟದೆ, 5ಎಗೆ ಅಪ್ಪಣೆ ಕೊಡುವ ಡಿಎನ್‌ಎ ತುಣುಕಾದ ಪ್ರೊಮೋಟರಿನ ಮುಂದೆ 5ಬಿಯನ್ನು ಕೂರಿಸಿದರು. ಕಿಣ್ವ ಸಹಜ ಪ್ರಮಾಣದಲ್ಲೇ ಬಂತು. ಗರಿಷ್ಠ ವೇಗದಲ್ಲಾಗಲಿ, ಆಮ್ಲಜನಕ ಹಾಗೂ ಸೈಟೊಕ್ರೋಮ್ ಸಿಗಳ ಮೇಲಿನ ಸೆಳೆತದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಹಾರ್ಟ್ಲಿ ಮತ್ತು ಸಂಗಡಿಗರು 2020ರಲ್ಲಿ 5ಬಿ ಇರುವ ಕಿಣ್ವ ಪಕ್ಕದ ಉಸಿರಾಟದ ಕಿಣ್ವದೊಂದಿಗೆ ಕೂಡಿ ಕಟ್ಟುವ ಬೃಹತ್ ಸಂಕೀರ್ಣದ ರಚನೆಯನ್ನು 2.8 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಕಂಡರು. ಪಕ್ಕದ ಕಿಣ್ವಕ್ಕೆ ಅಂಟಿಕೊಳ್ಳುವ ಜಾಗವೇ ಈ ಉಪಘಟಕದ್ದು. ಆದರೂ ಉಪಘಟಕ ಬದಲಾದರೆ ಸಂಕೀರ್ಣದ ಜೋಡಣೆಗಾಗಲಿ ಕೆಲಸಕ್ಕಾಗಲಿ ಧಕ್ಕೆಯಿಲ್ಲ ಎಂದೇ ಅವರೂ ಹೇಳಿದರು.

ಇಷ್ಟನ್ನು ಒಪ್ಪಿದರೆ, ಈ ಜೋಡಿ ಉಳಿದುಬಂದದ್ದು ಕಿಣ್ವದ ಗುಣಭೇದದಿಂದಲ್ಲ, ಅಪ್ಪಣೆಯ ಹಂಚಿಕೆಯಿಂದ ಎನ್ನಬೇಕಾಗುತ್ತದೆ. ಪೂರ್ವಜ ಜೀನು ಎರಡೂ ಸನ್ನಿವೇಶಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ನಕಲುಗಳೆರಡೂ ಪಾಲು ಮಾಡಿಕೊಂಡಿರಬಹುದು. ಫೋರ್ಸ್, ಲಿಂಚ್ ಮೊದಲಾದವರು 1999ರಲ್ಲಿ ಮುಂದಿಟ್ಟ ಮಾದರಿ ಇದೇ. ಪ್ರೋಟೀನುಗಳ ಮೂರನೆಯ ಒಂದು ಪಾಲು ಅಮೈನೊ ಆಮ್ಲಗಳು ಬೇರೆಬೇರೆಯಾಗಿರುವುದು ಇಷ್ಟು ದೀರ್ಘ ಕಾಲದ ಸವಕಳಿಯಿಂದಲೂ ಆಗಿರಬಹುದು. ‘ಬಹುದು’ ಎಂದು ಎರಡು ಸಲ ಬರೆದದ್ದು ಬೇಕೆಂದೇ. 2014ರ ಸಮಾನತೆ ಕಂಡದ್ದು 5ಎಯ ಸರದಿಯಲ್ಲಿ, ಗಾಳಿಗೆ ಹೊಂದಿಕೊಂಡ ಕೋಶದ ಪೊರೆಯೊಳಗೆ. 5ಬಿ ತನ್ನ ಸಹಜ ಹೊತ್ತಿನಲ್ಲಿ, ಸಿವೈಸಿ-7ರ ಜೊತೆಗಿರುವಾಗಲೂ ಹಾಗೆಯೇ ನಡೆದುಕೊಳ್ಳುತ್ತದೆಂದು ಅದರಿಂದ ತಾನಾಗಿ ಸಿದ್ಧವಾಗುವುದಿಲ್ಲ. ಜೊತೆಗೆ, ರಾಬರ್ಟ್ ಪಾಯ್ಟನ್ ಅವರ ಪ್ರಯೋಗಾಲಯ 2008ರಲ್ಲಿ ಈ ಎರಡು ರೂಪಗಳ ನೈಟ್ರಿಕ್ ಆಕ್ಸೈಡ್ ಉತ್ಪಾದನೆ ಒಂದೇ ಅಲ್ಲವೆಂದು ವರದಿ ಮಾಡಿದೆ. ಆಮ್ಲಜನಕವನ್ನು ನೀರಾಗಿಸುವ ಕೆಲಸದಲ್ಲಿ ಸಮವಾಗಿರುವ ಎರಡು ಕಿಣ್ವಗಳು ಈ ಇನ್ನೊಂದು ಕೆಲಸದಲ್ಲಿ ಬೇರೆಯಾಗಿರಲು ಅಡ್ಡಿಯೇನಿಲ್ಲ. ಆ ವರದಿ ನಿಂತರೆ ನನ್ನ ವಾದ ವೇಗದ ಮಟ್ಟಿಗೆ ಮಾತ್ರ ಉಳಿಯುತ್ತದೆ.

ಕಾಕಂಬಿಯ ತೊಟ್ಟಿಗೆ ಇದನ್ನು ನೇರವಾಗಿ ಅನ್ವಯಿಸುವ ಆತುರವೂ ಬೇಡ. ಮೊದಲು ಗಾಳಿಯೂದಿ ಬೆಳೆಸಿದ ಯೀಸ್ಟನ್ನು ದೊಡ್ಡ ತೊಟ್ಟಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಆಮ್ಲಜನಕ ಬರಿದಾಗುತ್ತದೆ. ಮೇಲ್ನೋಟಕ್ಕೆ ಅದು 5ಬಿಯದೇ ಕಾಲ. ಆದರೆ ಸಕ್ಕರೆ ಅಷ್ಟು ಗಟ್ಟಿಯಾಗಿರುವಲ್ಲಿ ಯೀಸ್ಟ್ ಗಾಳಿಯಿದ್ದರೂ ಉಸಿರಾಟವನ್ನು ಅದುಮಿ ಹುದುಗುವಿಕೆಗೇ ಹೊರಳುತ್ತದೆ. ಉಳಿದ ಚೂರುಪಾರು ಆಮ್ಲಜನಕಕ್ಕೆ ಎರ್ಗೊಸ್ಟೆರಾಲ್ ತಯಾರಿಕೆಯೂ ಕೈಚಾಚಿರುತ್ತದೆ. ಅಲ್ಲಿ 5ಬಿಗೆ ನಿಜವಾದ ಕೆಲಸ ಎಷ್ಟಿದೆ ಎಂಬುದನ್ನು ತೊಟ್ಟಿಯ ಮಾದರಿಗಳಲ್ಲೇ ಅಳೆಯಬೇಕು.

ವಾದವನ್ನು ನೇರವಾಗಿ ಪರೀಕ್ಷಿಸಲು ಎರಡು ತಳಿಗಳು ಬೇಕು. ಒಂದರಲ್ಲಿ 5ಬಿಯ ಪ್ರೊಮೋಟರಿನ ಮುಂದೆ 5ಎ ಇರಬೇಕು. ಇನ್ನೊಂದರಲ್ಲಿ ಎರಡೂ ಜೀನುಗಳ ಜಾಗದಲ್ಲಿ, ಇಮ್ಮಡಿಕೆಗೆ ಮೊದಲೇ ಕವಲೊಡೆದ ಕ್ಲೂವೆರೊಮೈಸಿಸ್ ಲ್ಯಾಕ್ಟಿಸ್‌ನ ಒಂಟಿ ಕಾಕ್ಸ್-5 ಇರಬೇಕು. ಅರ್ಧ ಮೈಕ್ರೊಮೋಲಾರಿಗಿಂತ ಕಡಿಮೆ ಆಮ್ಲಜನಕದಲ್ಲಿ ಇವು ಸಹಜ ತಳಿಗೆ ಸಮನಾಗಿ ಬೆಳೆದರೆ ಅಪ್ಪಣೆಯ ಪಕ್ಷ ಗಟ್ಟಿಯಾಗುತ್ತದೆ. ಮೊದಲನೆಯದು ಹಿಂದೆ ಬಿದ್ದರೆ 5ಬಿ ಪ್ರೋಟೀನಿನ ಗುಣವನ್ನು ಮತ್ತೆ ಹುಡುಕಬೇಕಾಗುತ್ತದೆ, ಬಹುಶಃ ನೈಟ್ರಿಕ್ ಆಕ್ಸೈಡಿನ ಕಡೆಯಿಂದ.